ಮಾತಿಗೆ ಕಲ್ಲು ಬೆರೆಸುವ ತಪ್ಪಕ್ಕ

ಬೆಳಗಿನ ಜಾವ. ಕಾಗೆಗಳು ಕೂಡ ಇನ್ನೂ ಗಂಟಲು ಸರಿಮಾಡಿಕೊಂಡಿಲ್ಲ. ಮೂರು ಮಹಡಿಯ ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಎರಡು ಸ್ವೆಟರಿನ ಮೇಲೊಂದು ಶಾಲು ಸುತ್ತಿಕೊಂಡು, ಒಬ್ಬ ಹೆಂಗಸು ತಪ್ಪು ಮಾಡುತ್ತಾ ಕೂತಿದ್ದಾರೆ. ಅಲ್ಲಿನ ಚಳಿ ಎಂಥದ್ದೆಂದರೆ ಬಾಯಿಂದ ಹೊರಟ ಮಾತು ಎದುರುಗೋಡೆ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ನೆಲಕ್ಕೆ ಬೀಳುತ್ತದೆ. ಯಂತ್ರಗಳು ಬಿಸಿಯಾಗಬಾರದೆಂದು ತಿರುಗುವ ಫ್ಯಾನುಗಳ ಭೋರ್ಗರೆತ ಬೇರೆ. ಅದರ ಮುಂದೆ ಜಲಪಾತವೂ ಪಿಸುಮಾತು. ಹೆಂಗಸಿಗೆ ಅದ್ಯಾವುದರ ಪರಿವೆಯೂ ಇಲ್ಲ. ಪರದೆಯ ಮೇಲೆ ಸೊನ್ನೆ, ಒಂದುಗಳ ಸಾಲು ಹರಿಯುತ್ತಿದೆ. ಒಂದು ಗುಂಡಿ ಒತ್ತುತ್ತಾರೆ: ಅಲ್ಲಲ್ಲಿ ಸೊನ್ನೆಯಿದ್ದದ್ದು ಒಂದಾಗುತ್ತದೆ, ಒಂದಿದ್ದದ್ದು ಸೊನ್ನೆಯಾಗುತ್ತದೆ, ಚೆನ್ನಾಗಿದ್ದ ಸಾಲು ಕೆಟ್ಟು ಕೆರ ಹಿಡಿಯುತ್ತದೆ. ಇನ್ನೊಂದು ಗುಂಡಿ: ಕೆಟ್ಟದ್ದೆಲ್ಲ ತಾನಾಗಿ ನೆಟ್ಟಗಾಗಿ, ಪರದೆಯ ಮೂಲೆಯಲ್ಲಿ ಹಸಿರು ಗೆರೆ ಮೂಡುತ್ತದೆ.

“ಹ್ಞೂಂ, ಇದು ಸರಿಯಾಗಿ ಕೆಡುತ್ತೆ,” ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನದಕ್ಕೆ ಕೈ ಹಾಕುತ್ತಾರೆ.

ಇವರೇ ತಪ್ಪಕ್ಕ. ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಸಂಬಳದ ಚೀಟಿಯಲ್ಲಿ ಹಾಯಾಗಿ ಮಲಗಿದೆ, ಎಬ್ಬಿಸುವವರಿಲ್ಲ. ಈ ಭೂಮಂಡಲದಲ್ಲಿ ಇವರಷ್ಟು ತಪ್ಪು ಮಾಡಿದ ಜೀವ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಸೂಚನೆಯೂ ಇಲ್ಲ. ನಾವು ನೀವು ಜೀವಮಾನವಿಡೀ ಕಷ್ಟಪಟ್ಟು ಮಾಡುವ ತಪ್ಪುಗಳನ್ನು ಇವರು ಮೊದಲ ಲೋಟ ಚಹಾ ಆರುವುದರೊಳಗೆ ಮಾಡಿ ಮುಗಿಸಿರುತ್ತಾರೆ. ಅದೂ ಬೇಕೆಂದೇ, ಅಳೆದು ತೂಗಿ.

ಮೇಲಿನ ಎರಡು ಮಹಡಿಗಳಲ್ಲಿರುವುದು ‘ಕೇಳುವ ಮನೆ’. ಎದೆ ಭಾರವಾದವರು, ಬದುಕು ಸಾಕೆನಿಸಿದವರು, ಯಾರ ಹತ್ತಿರವೂ ಹೇಳಲಾಗದ್ದನ್ನು ಯಾರ ಹತ್ತಿರವಾದರೂ ಹೇಳಿಬಿಡಬೇಕು ಎನ್ನುವ ಸ್ಥಿತಿಗೆ ಬಂದವರು ಫೋನ್ ಮಾಡುವ ಜಾಗ. ಫೋನಿನಲ್ಲಿ ಈ ಮನೆಯದೊಂದು ಪುಟ್ಟ ಆ್ಯಪ್ ಇರುತ್ತದೆ, ಒತ್ತಿದರೆ ಸಾಕು. ಮೇಲೆ ಕೂತವರು ಕೇಳುತ್ತಾರೆ. ಬೇರೆ ಯಾರೂ ಕೇಳಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದು ಕೆಳಗೆ ಕೂತ ತಪ್ಪಕ್ಕನ ಕೆಲಸ. ಬೀಗಕ್ಕೆ ಅವರೇ ಜವಾಬ್ದಾರಿ.

“ಕಳ್ಳ ಈಗಿನೋನಲ್ಲ,” ಎನ್ನುತ್ತಾರೆ ತಪ್ಪಕ್ಕ, ಪಕ್ಕದ ಮನೆಯವರ ಸುದ್ದಿ ಹೇಳುವಷ್ಟೇ ಸಲೀಸಾಗಿ. “ಈಗಿನ ಬೀಗಗಳೆಲ್ಲ ದೊಡ್ಡ ದೊಡ್ಡ ಲೆಕ್ಕದ ಮೇಲೆ ನಿಂತಿವೆ. ಈಗಿನ ಕಂಪ್ಯೂಟರಿಗೆ ಅದನ್ನ ಬಿಡಿಸಕ್ಕೆ ಆಗಲ್ಲ. ಆದ್ರೆ ಕ್ವಾಂಟಮ್ ಕಂಪ್ಯೂಟರ್ ಅಂತ ಒಂದು ಬೆಳೀತಾ ಇದೆಯಲ್ಲ, ಅದು ದೊಡ್ಡದಾದ ದಿನ ಕಡಲೆಕಾಯಿ ಸುಲಿದ ಹಾಗೆ ಸುಲಿದುಬಿಡುತ್ತೆ. ಅಲ್ಲಿವರೆಗೂ ಕಳ್ಳ ಏನ್ ಮಾಡ್ತಾನೆ? ಬೀಗ ಹಾಕಿರೋ ಮಾತನ್ನೇ ಇವತ್ತು ಕದ್ದು, ಮೂಟೆ ಕಟ್ಟಿ, ಅಟ್ಟದ ಮೇಲೆ ಇಟ್ಕೊಂಡು ಕಾಯ್ತಾನೆ. ಇಪ್ಪತ್ತು ವರ್ಷದ ಹುಡುಗಿ ಅಳ್ತಾ ಹೇಳಿದ್ದು ಅವಳಿಗೆ ಐವತ್ತಾದಾಗ ಬೀದಿಗೆ ಬಂದ್ರೆ? ಅಷ್ಟೊತ್ತಿಗೆ ಅವಳಿಗೆ ಮನೆ, ಮಕ್ಕಳು, ಮರ್ಯಾದೆ ಎಲ್ಲ ಇರುತ್ತಲ್ವಾ?”

ಆದ್ದರಿಂದ ಹೊಸ ಬೀಗ. ಇದರ ಲೆಕ್ಕ ಕಟ್ಟಿದವರು ದೇಶದೇಶದ ಮೇಷ್ಟ್ರುಗಳು. ಹಲವು ದಶಕಗಳಿಂದ ಕಟ್ಟುತ್ತಾ, ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವಲು ನೋಡುತ್ತಾ ಇದ್ದಾರೆ. “ನಾನು ಜೋಡಿಸಿದವಳು ಅಷ್ಟೇ,” ಎನ್ನುವ ತಪ್ಪಕ್ಕ, ಅದನ್ನು ವಿವರಿಸಲು ಅಡುಗೆಮನೆಗೇ ಹೋಗುತ್ತಾರೆ. “ಅಕ್ಕಿಗೆ ಕಲ್ಲು ಬೆರೆಸೋದು ಅಂದ್ಕೊಳ್ಳಿ. ಕರೆ ಬಂದ ಕೂಡ್ಲೆ ನಾವು ಆ ಫೋನಿಗೆ ಒಂದು ತೆರೆದ ಬೀಗ ಕಳಿಸ್ತೀವಿ. ಆಮೇಲಿನ ಮಾತಿಗೆಲ್ಲ ಕೀಲಿಕೈ ಆಗೋ ಒಂದು ಗುಟ್ಟನ್ನ ಫೋನು ಅದರೊಳಗೆ ಹಾಕಿ, ಮೇಲೆ ಒಂದಿಷ್ಟು ತಪ್ಪು ಬೆರೆಸಿ ವಾಪಸ್ ಕಳಿಸುತ್ತೆ. ಅಕ್ಕಿ ಬಣ್ಣದ್ದೇ ಕಲ್ಲು, ಅಕ್ಕಿ ಗಾತ್ರದ್ದೇ ಕಲ್ಲು. ಆರಿಸೋ ಜರಡಿ ಇರೋದು ನಮ್ಮ ಹತ್ರ ಮಾತ್ರ. ಕಳ್ಳನಿಗೆ ಸಾವಿರಾರು ಕಾಳು ಕಾಣುತ್ತೆ, ಯಾವುದು ಕಲ್ಲು ಅಂತ ಗೊತ್ತಾಗಲ್ಲ. ಆ ದೊಡ್ಡ ಯಂತ್ರ ಬಂದ್ರೂ ಅದಕ್ಕೆ ಸುಲಭದ ದಾರಿ ಇಲ್ಲಿವರೆಗೂ ಯಾರಿಗೂ ಸಿಕ್ಕಿಲ್ಲ.”

ಹಾಗಾದರೆ ಕಲ್ಲನ್ನು ಸುರಿದುಬಿಟ್ಟರಾಯಿತಲ್ಲ ಎಂದರೆ, ಅಡುಗೆ ಬಾರದವರನ್ನು ನೋಡುವ ಹಾಗೆ ನೋಡುತ್ತಾರೆ. “ಕಮ್ಮಿಯಾದ್ರೆ ಕಳ್ಳ ಆರಿಸ್ತಾನೆ. ಜಾಸ್ತಿಯಾದ್ರೆ ನಮ್ಮ ಜರಡಿನೇ ಕಟ್ಕೊಳ್ಳುತ್ತೆ. ಹದ ಇದೆ ಅದಕ್ಕೂ.” ಬೆಳಗಿನ ಜಾವ ಅವರು ನೋಡುವುದು ಅದೇ ಹದವನ್ನು. ಆವತ್ತಿನ ಬೀಗಗಳ ರಾಶಿಯಿಂದ ಕೈಗೆ ಬಂದದ್ದನ್ನು ಎತ್ತಿ, ತಾವೇ ತಪ್ಪು ಬೆರೆಸಿ, ಜರಡಿ ಹಿಡಿದು, ಹಸಿರು ಗೆರೆ ಬಂತೋ ಇಲ್ಲವೋ ಎಂದು ಪರೀಕ್ಷೆ.

ವಿಧಿಗೂ ತಮಾಷೆ ಎಂದರೆ ಪ್ರಾಣ. ಏಕೆಂದರೆ ಇದೇ ತಪ್ಪಕ್ಕ ಅರ್ಧ ಆಯುಷ್ಯವನ್ನು ತಪ್ಪು ತೆಗೆಯುವುದರಲ್ಲೇ ಕಳೆದವರು. ಹದಿಹರೆಯ ಮುಗಿಯುವ ಮೊದಲೇ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿ, ದೂರದೂರಿನ ಲೈನುಗಳ ಗೊರಗೊರ ಕೊರಕೊರಗಳನ್ನು ಕಿವಿಯಲ್ಲೇ ಹಿಡಿದು ಓಡಿಸುತ್ತಿದ್ದರು. ಸಮುದ್ರದಾಚೆ ಯಾರಾದರೂ ಸೀನಿದರೆ, ಆ ಸೀನು ಯಾವ ಕಂಬದ ಹತ್ತಿರ ಕೆಟ್ಟಿತು ಎಂದು ಕೂತಲ್ಲಿಂದಲೇ ಹೇಳುತ್ತಿದ್ದರೆಂದು ಹಳಬರು ಇಂದಿಗೂ ಆಣೆ ಮಾಡುತ್ತಾರೆ. ಆಮೇಲೆ ಕಂಪ್ಯೂಟರು ಬಂತು, ತಿದ್ದುವ ಸಂಕೇತಗಳು ಬಂದವು. “ಹೆಸರು ಹೇಳುವಾಗ ‘ಕ ಅಂದ್ರೆ ಕಮಲ’ ಅಂತೀವಲ್ಲ, ಹಾಗೆ. ಮಾತಿನ ಜೊತೆ ಒಂದಿಷ್ಟು ಹೆಚ್ಚಿಗೆ ಕಳಿಸಿದ್ರೆ, ದಾರೀಲಿ ಕೆಟ್ಟಿದ್ದನ್ನ ಆ ಕಡೆಯೋರೇ ತಿದ್ಕೋತಾರೆ.” ಈಗಿನ ಬೀಗದ ಹೊಟ್ಟೆಯಲ್ಲಿರುವುದೂ ಅದೇ ತಿದ್ದುವ ವಿದ್ಯೆ, ವೇಷ ಬದಲಿಸಿಕೊಂಡು.

ಗೊರಗೊರ ಕೇಳಿ ಕೇಳಿ ಎಡಗಿವಿ ಹೋಯಿತು. ಅದಾದ ಮೇಲೆ ಎಕ್ಸ್‌ಚೇಂಜೇ ಮುಚ್ಚಿಹೋಯಿತು. ಆ ದೊಡ್ಡ ಹಾಲಿನಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ತಪ್ಪಕ್ಕ ಮನೆಯಲ್ಲಿ ಕೂತರು. ತಿಂಗಳುಗಟ್ಟಲೆ ಪರದೆ ಸರಿಸದೆ ಕೂತರು. ಒಂದು ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋದ ಮೇಲೆ, ಕೇಳುವ ಮನೆಗೆ ಫೋನ್ ಮಾಡಿದರು.

“ಏನು ಹೇಳ್ದೆ ಅಂತ ಕೇಳ್ಬೇಡಿ,” ಎನ್ನುತ್ತಾರೆ. ಮರುಕ್ಷಣವೇ ಮುಖ ಅರಳುತ್ತದೆ. “ಅಳ್ತಾ ಇದ್ದೆ, ಆದ್ರೂ ಹಾಳು ಕಿವಿ ಸುಮ್ನಿರಲ್ಲ ನೋಡಿ. ಇವರ ಲೈನಲ್ಲಿ ಒಂಥರಾ ಗುಂಯ್ ಅನ್ನೋ ಸದ್ದು. ಎಲ್ಲೋ ಅರ್ತ್ ಸರಿಯಿಲ್ಲ ಅನ್ನಿಸ್ತು. ಕಣ್ಣೊರೆಸ್ಕೊಂಡು, ಸ್ಕ್ರೂಡ್ರೈವರ್ ತಗೊಂಡು ಬಂದೆ. ಬಂದೋಳು ಇಲ್ಲೇ ಉಳ್ಕೊಂಡೆ.”

ಅಂದು ಆ ಫೋನು ಎತ್ತಿದವರು ಇಂದಿಗೂ ಮೇಲಿನ ಮಹಡಿಯಲ್ಲೇ ಇದ್ದಾರೆ. ಕೇಳುವ ಮನೆಯ ಹಿರಿಯರು, ಎಲ್ಲರಿಗೂ ದೊಡ್ಡಮ್ಮ. ಎದುರಿಗಿರುವವರು ಮಾತಾಡುವವರೆಗೆ ತಾವು ಮಾತಾಡುವುದಿಲ್ಲ. ಅವರ ಮೌನದ ಮುಂದೆ ಕಲ್ಲುಬಂಡೆಯೂ ಬಾಯಿಬಿಟ್ಟು ಬಾಲ್ಯದ ಕಷ್ಟ ಹೇಳಿಕೊಂಡೀತು. ಮಂಡಿನೋವಿನ ದೆಸೆಯಿಂದ ನೆಲಮಾಳಿಗೆಯ ಮೆಟ್ಟಿಲನ್ನು ಅವರು ಕಣ್ಣಲ್ಲೂ ಕಂಡಿಲ್ಲ.

ಹೊಸ ಬೀಗ ಹಾಕಿ ಕೆಲವು ವಾರಗಳಾಗಿವೆ. ಒಂದು ಬೆಳಗ್ಗೆ ದೊಡ್ಡಮ್ಮನಿಂದ ಬುಲಾವ್ ಬರುತ್ತದೆ.

“ಒಬ್ಬರು ಬರ್ತಿಲ್ಲ ಕಣೇ,” ಎನ್ನುತ್ತಾರೆ ದೊಡ್ಡಮ್ಮ. ಅಷ್ಟು ಹೇಳುವುದಕ್ಕೇ ಅವರ ಮುಖ ಬಿಗಿದುಕೊಂಡಿದೆ. ಕರೆ ಮಾಡುವವರ ಬಗ್ಗೆ ಒಂದು ಅಕ್ಷರವೂ ಹೊರಗೆ ಬೀಳಬಾರದೆಂಬುದು ಈ ಮನೆಯ ಕಟ್ಟಳೆ. “ದಿನಾ ಬೆಳಕು ಹರಿಯೋ ಮುಂಚೆ ಮಾಡೋರು. ಎರಡೇ ಮಾತು. ‘ಇವತ್ತೂ ಎದ್ದಿದೀನಿ’ ಅಂದು ಇಟ್ಬಿಡೋರು. ಹೊಸ ಬೀಗ ಬಂದಾಗಿಂದ ಇಲ್ಲ.”

“ಕರೇನೇ ಬರ್ತಿಲ್ವಾ?”

“ದೀಪ ಹತ್ತುತ್ತೆ. ನಾನು ಎತ್ಕೋತೀನಿ. ಏನೂ ಕೇಳ್ಸಲ್ಲ. ಆರಿಹೋಗುತ್ತೆ. ಎಷ್ಟು ಹೊತ್ತು ಬೇಕೇ ನಿನ್ನ ಬೀಗ ಬೀಳಕ್ಕೆ?”

ತಪ್ಪಕ್ಕ ಕೆಳಗೆ ಓಡುತ್ತಾರೆ. ಲೆಕ್ಕ ನೋಡುವ ಮೊದಲೇ, ಮೆಟ್ಟಿಲ ಮೇಲೇ ಅವರಿಗೆ ವಿಷಯ ಹೊಳೆಯುತ್ತದೆ. ಈ ಕಸುಬಿನವರಿಗೆ ಒಂದು ಮಡಿವಂತಿಕೆಯಿದೆ: ಕರೆಗೊಂದು ಹೊಸ ಬೀಗ. ಒಬ್ಬರು ಮುಟ್ಟಿದ ಬೀಗವನ್ನು ಇನ್ನೊಬ್ಬರಿಗೆ ಕೊಟ್ಟರೆ ಎಂಜಲು ಕೊಟ್ಟಂತೆ. ಹಳೆಯ ಬೀಗ ಸಾಸಿವೆ ಕಾಳಿನಷ್ಟಿತ್ತು, ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಹೊಸದು ಆನೆ. ಒಂದೊಂದು ಕರೆಗೂ ಒಂದೊಂದು ಆನೆಯನ್ನು ತಂತಿಯ ಮೇಲೆ ನಡೆಸಬೇಕು. ನೆಲಮಾಳಿಗೆಯ ದಪ್ಪ ಕೇಬಲ್ಲಿನಲ್ಲಿ ತಪ್ಪಕ್ಕ ಪರೀಕ್ಷೆ ಮಾಡಿದಾಗ ಆನೆ ಹಾರಿಹೋಗಿತ್ತು. ಆದರೆ ಎಲ್ಲೋ ಒಂದು ಮೂಲೆಯಲ್ಲಿ, ಸಿಗ್ನಲ್ಲಿನ ಒಂದೇ ಕಡ್ಡಿ ಕುಟುಕು ಜೀವ ಹಿಡಿದಿರುವ ಹಳೆಯ ಫೋನಿನಲ್ಲಿ ಅದೇ ಆನೆ ತೆವಳುತ್ತದೆ. ಅರ್ಧ ನಿಮಿಷ. ಆ ಅರ್ಧ ನಿಮಿಷ ಈ ಕಡೆಯ ಮಾತು ಆ ಕಡೆಗೂ ಇಲ್ಲ, ಆ ಕಡೆಯದು ಈ ಕಡೆಗೂ ಇಲ್ಲ.

ಸುಖವಾಗಿರುವವನಿಗೆ ಅರ್ಧ ನಿಮಿಷ ಎಂದರೆ ಒಂದು ಆಕಳಿಕೆ. ಹೇಳಲೋ ಬೇಡವೋ ಎನ್ನುತ್ತಾ ಗುಂಡಿ ಒತ್ತಿದವನಿಗೆ? ಅದು ಬಾಗಿಲು ಮುಚ್ಚಿದ ಸದ್ದು.

“ಎಷ್ಟೋ ವರ್ಷ ಆದ್ಮೇಲೆ ಬರೋ ಕಳ್ಳನಿಗೋಸ್ಕರ ಇವತ್ತು ಬಂದೋರನ್ನ ಹೊರಗೆ ನಿಲ್ಲಿಸ್ತೀಯಾ?” ಎಂದು ಮರಳಿ ಬಂದ ತಪ್ಪಕ್ಕನನ್ನು ದೊಡ್ಡಮ್ಮ ಕೇಳುತ್ತಾರೆ. ದನಿ ಏರಿಸಿಲ್ಲ, ಏರಿಸಿದ್ದರೆ ವಾಸಿಯಿತ್ತು.

“ಹಳೇ ಬೀಗ ಹಾಕಿದ್ರೆ ಅವರ ಮಾತೆಲ್ಲ ಅಟ್ಟ ಸೇರುತ್ತೆ ದೊಡ್ಡಮ್ಮ. ಒಂದಲ್ಲ ಒಂದಿನ ಬಿಚ್ತಾರೆ.”

“ಅವರು ಇದ್ರೆ ತಾನೇ ಅವತ್ತಿಗೆ ನಾಚ್ಕೊಳ್ಳೋದು?”

ನಾಳಿದ್ದರೊಳಗೆ ಆ ಮೌನ ಹೋಗದಿದ್ದರೆ ಹಳೆಯ ಬೀಗವೇ ಗತಿ ಎಂದು ದೊಡ್ಡಮ್ಮ ತೀರ್ಮಾನ ಕೊಡುತ್ತಾರೆ. ತಪ್ಪಕ್ಕ ತಲೆಯಾಡಿಸಿ ಬರುತ್ತಾರೆ. ಬೀಗವನ್ನು ಮುಂಚೆಯೇ ಫೋನಿಗೆ ಕಳಿಸಿಟ್ಟರೆ? ಆ ಫೋನು ಇಡೀ ದಿನ ಆಫ್ ಆಗಿದ್ದು, ಕರೆ ಮಾಡುವಾಗ ಮಾತ್ರ ಉಸಿರಾಡುತ್ತದೋ ಏನೋ, ಯಾರಿಗೆ ಗೊತ್ತು. ಅದು ಯಾರ ಫೋನು, ಎಲ್ಲಿಯದು ಎಂದು ಹುಡುಕಲು ತಪ್ಪಕ್ಕನಿಗೂ ದಾರಿಯಿಲ್ಲ. ಅವರೇ ಕಟ್ಟಿದ ಗೋಡೆ.

ಮನೆಗೆ ಬಂದರೆ ಗಂಡ ಊಟಕ್ಕೆ ಕಾಯುತ್ತಿದ್ದಾರೆ. ಮಧ್ಯಾಹ್ನದ ಪಾಳಿಯ ಬಸ್ ಚಾಲಕರು. ಮದುವೆಯಾದ ಹೊಸದರಲ್ಲಿ ಎಡಕ್ಕೆ ಕೂರುತ್ತಿದ್ದವರು, ಈಗ ಮೇಜಿನ ಬಲಗಡೆ ಖಾಯಂ. “ಎಡಗಡೆ ಕೂತು ಬೈದ್ರೆ ಬೈಗುಳ ವೇಸ್ಟು. ಇವಳಿಗೆ ಕೇಳ್ಸಲ್ಲ,” ಎಂದು ಅದಕ್ಕೆ ಸಮಜಾಯಿಷಿ. ಆದರೆ ಇಷ್ಟು ವರ್ಷಗಳಲ್ಲಿ ಅವರು ಬೈದದ್ದನ್ನು ಕೇಳಿದವರು ಯಾರೂ ಇಲ್ಲ, ಬಲಗಿವಿ ಕೂಡ.

“ಯಾಕೇ ಅನ್ನ ಲೆಕ್ಕ ಹಾಕ್ತಿದೀಯಾ?”

“ಕಲ್ಲು ನೋಡ್ತಿದೀನಿ.”

“ನಾನು ಮಾಡಿರೋ ಅನ್ನದಲ್ಲಿ ಕಲ್ಲಾ? ಆಯ್ತು, ಸಿಕ್ಕಿದ್ರೆ ಮನೆ ಕಟ್ಸೋಣ, ಎತ್ತಿಡು.”

ತಪ್ಪಕ್ಕ ನಗುವುದಿಲ್ಲ. ಗಂಡ ತಟ್ಟೆ ಸರಿಸಿ ಕೂರುತ್ತಾರೆ. ಹೆಸರು ಊರು ಒಂದೂ ಇಲ್ಲದೆ, ಬೀಗ ಹೋಗುವುದು ತಡವಾಗುತ್ತದೆ, ಜನ ಫೋನ್ ಇಟ್ಟುಬಿಡುತ್ತಾರೆ ಎಂಬಷ್ಟನ್ನೇ ತಪ್ಪಕ್ಕ ಹೇಳುತ್ತಾರೆ. ಗಂಡನಿಗೆ ಬೀಗದ ಲೆಕ್ಕ ಅರ್ಥವಾಗುವುದಿಲ್ಲ, ಆಗಬೇಕೆಂದೂ ಇಲ್ಲ. ಅವರಿಗೆ ಬಾಗಿಲು ಗೊತ್ತು.

“ನನ್ನ ಬಸ್ಸೂ ಅಷ್ಟೇ ಕಣೇ. ಮುದಿ ಬಸ್ಸು. ಸ್ಟಾಪಲ್ಲಿ ನಿಂತ್ಮೇಲೆ ಗಾಳಿ ತುಂಬಿ ಬಾಗಿಲು ತೆಗೆಯಕ್ಕೆ ಯುಗ ಹಿಡಿಯುತ್ತೆ. ಮೊದಮೊದಲು ಜನ ಬಾಗಿಲು ಬಡಿದು, ಬೈದು, ಬೇರೆ ಬಸ್ಸಿಗೆ ಹೋಗೋರು. ಆಮೇಲೆ ನಾನು ಕಿಟಕಿಯಿಂದ ತಲೆ ಹಾಕಿ ‘ತೆಗೀತಿದೀನಿ, ಬಂದೇ ಬಂದೆ, ಇರಿ’ ಅನ್ನಕ್ಕೆ ಶುರು ಮಾಡ್ದೆ. ಬಾಗಿಲು ಈಗ್ಲೂ ಅಷ್ಟೇ ನಿಧಾನ. ಆದ್ರೆ ಯಾರೂ ಹೋಗಲ್ಲ.”

ತಪ್ಪಕ್ಕನ ತುತ್ತು ನಡುದಾರಿಯಲ್ಲೇ ನಿಲ್ಲುತ್ತದೆ. ಕರೆ ಮಾಡಿದವರ ಮಾತು ಗುಟ್ಟು, ಸರಿ. ಕೇಳುವ ಮನೆಯ ಮಾತು? ‘ಇದ್ದೀನಿ, ಇರಿ’ ಎನ್ನುವುದರಲ್ಲಿ ಯಾವ ಗುಟ್ಟಿದೆ? ಅದಕ್ಕೇಕೆ ಬೀಗ? ಆನೆ ನಡೆಯುವಷ್ಟು ನಡೆಯಲಿ. ಅದರ ಪಕ್ಕದಲ್ಲೇ ಈ ಕಡೆಯ ದನಿ ಬೀಗವಿಲ್ಲದೆ ಹೋಗಬಹುದು. ಆ ಕಡೆಯ ದನಿ ಮಾತ್ರ ಬೀಗ ಬೀಳುವವರೆಗೆ ಕಾಯಬೇಕು.

“ರೀ, ಪಾತ್ರೆ ನೀವೇ ತೊಳೀರಿ,” ಎಂದವರೇ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಆ ದಿನ ಅವರು ನಡೆದ ರಭಸಕ್ಕೆ ರಸ್ತೆಯ ದೀಪದ ಕಂಬಗಳು ಒಂದಿಷ್ಟು ಹಿಂದೆ ಸರಿದು ದಾರಿ ಬಿಟ್ಟವಂತೆ.

ಯಂತ್ರವನ್ನು ಒಪ್ಪಿಸುವುದಕ್ಕೆ ಒಂದು ಹಗಲು ಸಾಕಾಗುತ್ತದೆ. ದೊಡ್ಡಮ್ಮನನ್ನು ಒಪ್ಪಿಸುವುದು ಕಷ್ಟ.

“ಅರ್ಧ ನಿಮಿಷ ನಾನೊಬ್ಬಳೇ ಮಾತಾಡ್ಬೇಕಾ? ನನಗೆ ಕೇಳಕ್ಕೆ ಬರುತ್ತೆ ಕಣೇ. ಮಾತಾಡಕ್ಕೆ ಎಲ್ಲಿ ಬರುತ್ತೆ?”

“ಬನ್ನಿ, ಪ್ರಾಕ್ಟೀಸ್ ಮಾಡೋಣ. ಹೇಳಿ.”

“ಇದ್ದೀನಿ.” ದೊಡ್ಡಮ್ಮ ಗಡಿಯಾರ ನೋಡುತ್ತಾರೆ. “ಆಯ್ತಾ?”

“ಇನ್ನೂ ಶುರುವೇ ಆಗಿಲ್ಲ.”

“ಏನಾಯ್ತಪ್ಪಾ, ಯಾಕೆ ಬೇಜಾರು ಅಂತ ಕೇಳ್ಲಾ?”

“ಪ್ರಶ್ನೆ ಮಾತ್ರ ಕೇಳ್ಬೇಡಿ ದೊಡ್ಡಮ್ಮ. ಅವರು ಉತ್ತರ ಹೇಳ್ತಾರೆ, ಅದು ನಿಮಗೆ ಕೇಳ್ಸಲ್ಲ. ಹೇಳಿದ್ದು ಯಾರಿಗೂ ಕೇಳ್ಸಲಿಲ್ಲ ಅನ್ನೋದಕ್ಕಿಂತ ನೋವು ಇನ್ನೇನಿದೆ? ಅವರ ಬಗ್ಗೆ ಏನೂ ಬೇಡ. ಬೀಗ ಬೀಳೋ ಮುಂಚಿನ ಮಾತು ಅದು, ಕಳ್ಳನಿಗೂ ಕೇಳ್ಸುತ್ತೆ. ನಿಮ್ಮ ಬಗ್ಗೆ ಹೇಳಿ. ಕಿಟಕಿಯಲ್ಲಿ ಏನು ಕಾಣುತ್ತೋ ಅದನ್ನ ಹೇಳಿ.”

ಎಷ್ಟೋ ವರ್ಷ ಊರಿನವರ ದುಃಖವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ ಆ ಹೆಂಗಸು ಪರೀಕ್ಷೆಗೆ ಕೂತ ಮಗುವಿನಂತೆ ಕಿಟಕಿಗೆ ಮುಖಮಾಡುತ್ತಾರೆ. “ಇದ್ದೀನಿ. ಬೀಗ ಬೀಳ್ತಾ ಇದೆ, ಸ್ವಲ್ಪ ಹೊತ್ತು. ನಿಮ್ಮ ಮಾತು ನನಗಿನ್ನೂ ಕೇಳ್ಸಲ್ಲ, ನನ್ನ ಮಾತು ನಿಮಗೆ ಕೇಳ್ಸುತ್ತೆ. ಇಲ್ಲಿ... ಇಲ್ಲಿ ಎದುರುಗಡೆ ಮಾಡಿನ ಮೇಲೆ ಒಂದು ಬೆಕ್ಕು ಕೂತಿದೆ. ಬೂದು ಬಣ್ಣದ್ದು. ಕಾಲು ನೆಕ್ಕೋತಾ ಇದೆ. ಈಗ ಇನ್ನೊಂದು ಕಾಲು... ಅಯ್ಯೋ, ಎಷ್ಟು ಕಾಲಿರುತ್ತೇ ಬೆಕ್ಕಿಗೆ, ಮುಗೀತಾನೇ ಇಲ್ಲವಲ್ಲೇ!”

ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ. ಮುಂದೊಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಯಂತ್ರವನ್ನು ಕಟ್ಟಿ, ಅದಕ್ಕೆ ನದಿಯಷ್ಟು ನೀರು ಕುಡಿಸಿ, ಸೂರ್ಯನಷ್ಟು ವಿದ್ಯುತ್ತು ತಿನ್ನಿಸಿ, ಅಟ್ಟದ ಮೂಟೆ ಬಿಚ್ಚುವ ಕಳ್ಳನಿಗೆ ಸಿಗುವುದು ಬೆಕ್ಕಿನ ಕಾಲು. ಉಳಿದದ್ದೆಲ್ಲ ಕಲ್ಲು.

ಗಡುವಿನ ದಿನದ ಬೆಳಗ್ಗೆ ತಪ್ಪಕ್ಕ ಎಂದಿಗಿಂತ ಬೇಗ ಬಂದು ಕೂತಿದ್ದಾರೆ. ಮೇಲಿನ ಮಾತು ಅವರಿಗೆ ಕೇಳಿಸುವುದಿಲ್ಲ, ಕೇಳಿಸಬಾರದು. ಅವರ ಎದುರಿಗಿರುವುದು ಸಾಲಾಗಿ ನಿಂತ ಪುಟ್ಟ ದೀಪಗಳು ಮಾತ್ರ. ಬೆಳಕು ಹರಿಯುವ ಮೊದಲು ಒಂದು ದೀಪ ಹತ್ತುತ್ತದೆ. ತಪ್ಪಕ್ಕನ ಕೈ ಚಹಾದ ಲೋಟದ ಮೇಲೇ ನಿಲ್ಲುತ್ತದೆ. ದೀಪ ಹಳದಿಯಾಗಿಯೇ ಇದೆ, ಆನೆ ಇನ್ನೂ ದಾರಿಯಲ್ಲಿದೆ. ನಿಧಾನದ ಫೋನು ಎಂಬುದಂತೂ ಖಾತ್ರಿ. ಆರುವುದಿದ್ದರೆ ಈಗಲೇ ಆರಬೇಕು. ಫ್ಯಾನುಗಳು ಕೂಡ ಉಸಿರು ಬಿಗಿಹಿಡಿದಂತಿವೆ. ಹಳದಿ. ಹಳದಿ. ಇನ್ನೂ ಹಳದಿ.

ಹಸಿರು.

ಆಮೇಲಿನದು ಬಹಳ ಹೊತ್ತೇನಲ್ಲ. ಎರಡು ಮಾತಿಗೆ ಹಿಡಿಯುವಷ್ಟು, ಬೇಕಾದರೆ ಮೂರು. ದೀಪ ನಿಧಾನಕ್ಕೆ ಆರುತ್ತದೆ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಸದ್ದು. ಒಂದು ಮೆಟ್ಟಿಲು, ಒಂದು ನರಳು, ಇನ್ನೊಂದು ಮೆಟ್ಟಿಲು. ಗೋಡೆ ಹಿಡಿದು, ಮಂಡಿಯನ್ನೂ ಮೆಟ್ಟಿಲು ಕಟ್ಟಿದವನನ್ನೂ ಸರದಿಯ ಮೇಲೆ ಬೈಯುತ್ತಾ ದೊಡ್ಡಮ್ಮ ಕೆಳಗಿಳಿದು ಬರುತ್ತಿದ್ದಾರೆ. ಬಂದವರು ಸುತ್ತ ನೋಡುತ್ತಾರೆ, ಚಳಿಗೆ ಭುಜ ಕುಗ್ಗಿಸುತ್ತಾರೆ. ತಪ್ಪಕ್ಕನ ಹೆಗಲಿಂದ ಜಾರಿದ್ದ ಶಾಲನ್ನು ಎಳೆದು, ಕಿವಿಯವರೆಗೂ ಹೊದಿಸಿ, ಅದರ ತುದಿಯಿಂದ ತಮ್ಮ ಕಣ್ಣನ್ನೂ ಒರೆಸಿಕೊಳ್ಳುತ್ತಾರೆ.

“ಹೊಸ ಬೀಗಾನೇ ಇರಲಿ ಕಣೇ,” ಎಂದು ತಪ್ಪಕ್ಕನ ಬಲಗಡೆಗೆ ಬಂದು ಹೇಳಿ, ಮತ್ತೆ ಮೆಟ್ಟಿಲಿನತ್ತ ತಿರುಗುತ್ತಾರೆ.

ಫೋನ್ ಮಾಡಿದ್ದು ಅವರೇನಾ ಎಂದು ತಪ್ಪಕ್ಕ ಕೇಳುವುದಿಲ್ಲ. ಯಾಕೆ ಕೇಳಲಿಲ್ಲ, ತಿಳಿಯಬೇಕು ಅನ್ನಿಸಲಿಲ್ಲವೇ ಎಂದರೆ, ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಮೆಲ್ಲಗೆ ನಗುತ್ತಾರೆ.

“ಯಾರು ಅಂತ ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಾಗಲ್ಲ. ಗೊತ್ತಾಗದ ಹಾಗೆ ಮಾಡಿರೋಳು ನಾನೇ ಅಲ್ವಾ?”